ಹಡಗಿನ ತಳದ ಬಣ್ಣ ಕಡಲಿಗೆ ವಿಷವಾದದ್ದು

ನೀರಿನಲ್ಲಿ ನಿಂತ ಹಡಗಿನ ತಳಕ್ಕೆ ಪಾಚಿ, ಬಾರ್ನಕಲ್ ಎಂಬ ಗಟ್ಟಿ ಚಿಪ್ಪಿನ ಪುಟ್ಟ ಜೀವಿಗಳು ಕಚ್ಚಿಕೊಳ್ಳುತ್ತವೆ. ತಳ ಒರಟಾದಷ್ಟೂ ವೇಗ ಕುಗ್ಗುತ್ತದೆ, ಇಂಧನ ಹೆಚ್ಚು ಉರಿಯುತ್ತದೆ. ಇದಕ್ಕೆ 1960ರ ದಶಕದಲ್ಲಿ ಸಿಕ್ಕ ಮದ್ದು ಟ್ರೈಬ್ಯುಟೈಲ್‌ಟಿನ್ (ಟಿಬಿಟಿ) ಎಂಬ ತವರದ ವಿಷ ಸಂಯುಕ್ತ ಬೆರೆಸಿದ ಬಣ್ಣ. ಮುಂದಿನ ದಶಕದ ಸುಧಾರಿತ ಬಗೆಯಲ್ಲಿ ಹಡಗು ಓಡಿದಂತೆಲ್ಲ ಮೇಲ್ಪದರ ಸವೆದು ಹೊಸ ವಿಷ ಹೊರಬರುತ್ತಿತ್ತು. ಒಮ್ಮೆ ಬಳಿದರೆ ಐದು ವರ್ಷದವರೆಗೂ ನಿಶ್ಚಿಂತೆ. ಸವೆದದ್ದೆಲ್ಲ ಕಡಲಿಗೇ ಇಳಿಯಿತು.

ಪೆಟ್ಟು ಮೊದಲು ಕಂಡದ್ದು ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ. 1970ರ ದಶಕದ ಕೊನೆಗೆ ಅಲ್ಲಿನ ಸಿಂಪಿ ಕೃಷಿಕರಿಗೆ ಮರಿಗಳೇ ಸಿಗದಾದವು. ಬೆಳೆದವುಗಳ ಚಿಪ್ಪು ಪದರ ಪದರವಾಗಿ ಉಬ್ಬಿ, ನಡುವೆ ಲೋಳೆ ತುಂಬಿ ಉಂಡೆಯಂತಾಗಿತ್ತು. ಒಳಗೆ ಮಾಂಸ ಚೂರೇ ಚೂರು. ವಿಹಾರ ದೋಣಿಗಳ ಬಣ್ಣವೇ ಕಾರಣವೆಂದು ತಿಳಿದು 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಅದನ್ನು ನಿಷೇಧಿಸಿತು. 1987ರಲ್ಲಿ ಬ್ರಿಟನ್ ಅದೇ ದಾರಿ ಹಿಡಿಯಿತು.

ಬ್ರಿಟನ್ನಿನ ಬಂಡೆಗಳ ಮೇಲಿನ ಡಾಗ್‌ವೆಲ್ಕ್ ಎಂಬ ಶಂಖದ ಹುಳುವಿನ ಪಾಡು ಇನ್ನೂ ಘೋರ. ಹೆಣ್ಣುಗಳಿಗೆ ಗಂಡಿನ ಅಂಗ ಬೆಳೆಯಿತು, ಮೊಟ್ಟೆಯ ನಾಳ ಮುಚ್ಚಿಹೋಯಿತು. ಲೀಟರ್ ನೀರಿಗೆ ಟಿಬಿಟಿ ಒಂದೆರಡು ನ್ಯಾನೊಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯ ಒಂದೆರಡು ಪಾಲು, ಸೇರಿದರೂ ಸಾಕು, ಈ ವಿಕಾರ ಶುರು. ಈ ಹುಳುವಿನ ಮರಿಗಳು ನೀರಿನಲ್ಲಿ ತೇಲಿ ಹೋಗುವುದಿಲ್ಲ, ತೆವಳುತ್ತವೆ. ಹಾಗಾಗಿ ಒಂದು ಬಂಡೆಸಾಲಿನಲ್ಲಿ ಸಂತತಿ ಅಳಿದರೆ ಮತ್ತೆ ತುಂಬಲು ವರ್ಷಗಟ್ಟಲೆ ಬೇಕು.

ಚಿಕ್ಕ ದೋಣಿ ತಡೆದರೆ ಸಾಲದು, ದೊಡ್ಡ ಹಡಗುಗಳು ಉಳಿದೇ ಇದ್ದವು. ಅವುಗಳಿಗೂ ಈ ಬಣ್ಣ ನಿಷೇಧಿಸುವ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆಯ ಒಪ್ಪಂದ ಆದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರ ಸೆಪ್ಟೆಂಬರ್ 17ಕ್ಕೆ. ಆರ್ಕಶೋನ್ ಪಾಠ ಕಲಿಸಿ ಅಷ್ಟರಲ್ಲಿ ಕಾಲು ಶತಮಾನ ದಾಟಿತ್ತು. ಈ ವಿಳಂಬಕ್ಕೆ ಸಮರ್ಥನೆ ಇಲ್ಲ. ಹಳೆಯ ಬಣ್ಣ ತೆಗೆಯಬೇಕು, ಇಲ್ಲವೇ ಅದು ಸೋರದಂತೆ ಮೇಲೊಂದು ಸೀಲರ್ ಪದರ ಬಳಿಯಬೇಕೆಂಬುದು ನಿಯಮ.

ಟಿಬಿಟಿ ನೀರಿನಲ್ಲಿ ಕೆಲ ದಿನ, ವಾರಗಳಲ್ಲಿ ಒಡೆಯುತ್ತದೆ. ಗಾಳಿಯಾಡದ ಕೆಸರಿನಲ್ಲಿ ದಶಕಗಳೇ ಕೂತಿರಬಲ್ಲದು. ಬಂದರಿನ ಹೂಳೆತ್ತಿದಾಗ ಮತ್ತೆ ನೀರಿಗೇಳುತ್ತದೆ.

ಈಗ ಹೆಚ್ಚಾಗಿ ಬಳಸುವ ತಾಮ್ರದ ಬಣ್ಣವೂ ಜೀವಿಗಳಿಗೆ ವಿಷವೇ. ನಮ್ಮ ಕರಾವಳಿಯಲ್ಲಿ ಜೂನ್-ಜುಲೈನ ಮೀನುಗಾರಿಕೆ ನಿಷೇಧದ ವೇಳೆ ದೋಣಿ ದಡಕ್ಕೇರಿಸಿ ತಳ ಕೆರೆಯುತ್ತಾರೆ. ಉಬ್ಬರದ ಗೆರೆಗಿಂತ ಮೇಲೆ, ಅಡಿಗೆ ಟಾರ್ಪಾಲ್ ಹಾಸಿ, ಬಣ್ಣ ಒದ್ದೆ ಮಾಡಿ ಕೆರೆಯಬೇಕು. ಒಣಗಿದ್ದನ್ನು ಉಜ್ಜಿದರೆ ಪುಡಿ ಗಾಳಿಗೆ ಹಾರಿ ಕೆರೆಯುವವರ ಉಸಿರಿಗೂ, ನೀರಿಗೂ ಸೇರುತ್ತದೆ. ಆಗಾಗ ಪುಡಿ ಗುಡಿಸಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿಡಿ. ಅದು ಮಳೆಗಾಲ; ಹನಿ ಬಿದ್ದರೆ ಮೊದಲು ಟಾರ್ಪಾಲ್ ಮಡಚಿ, ದೋಣಿಯ ಮಾತು ಆಮೇಲೆ.