ಬೀರು ಇದೆ, ಒಡವೆ ಹೊರಗಿದೆ

ಹೋದ ವರ್ಷ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಒಬ್ಬ ಹುಡುಗ ದಪ್ಪ ಬೈಂಡರ್ ಹಿಡಿದುಕೊಂಡು ನನ್ನ ವಕೀಲಿ ಆಫೀಸಿಗೆ ಬಂದ. ತಾಯಿ ತೀರಿಕೊಂಡು ಆರು ವಾರವಾಗಿತ್ತು. "ಅಮ್ಮ ಟ್ರಸ್ಟ್ ಮಾಡಿಟ್ಟಿದ್ದಾರೆ ಸರ್. ಮನೆ ನನ್ನ ಹೆಸರಿಗೆ ಮಾಡಿಕೊಟ್ಟರೆ ಆಯ್ತಲ್ವಾ?" ಅಂದ. ಸಹಿ, ನೋಟರಿ ಎಲ್ಲ ಸರಿ ಇತ್ತು. ಆಸ್ತಿ ಪತ್ರ ದಾಖಲಿಸುವ ಅಲಮೀಡಾ ಕೌಂಟಿ ರೆಕಾರ್ಡರ್ ಕಚೇರಿಯ ದಾಖಲೆ ತೆಗೆಸಿ ನೋಡಿದೆ. ಮನೆ ಟ್ರಸ್ಟ್ ಹೆಸರಿನಲ್ಲಿ ಇರಲೇ ಇಲ್ಲ.

ಆಗಿದ್ದು ಇಷ್ಟೇ. 2020ರಲ್ಲಿ ಬಡ್ಡಿ ಇಳಿದಾಗ ಆ ತಾಯಿ ರೀಫೈನಾನ್ಸ್, ಅಂದರೆ ಹಳೇ ಮನೆ ಸಾಲದ ಬದಲು ಕಮ್ಮಿ ಬಡ್ಡಿಯ ಹೊಸ ಸಾಲ, ಮಾಡಿಸಿದ್ದರು. ಸಾಲ ಕೊಡುವವರು ಮೊದಲು ಮನೆಯನ್ನು ಟ್ರಸ್ಟ್‌ನಿಂದ ಹೊರಗೆ ತರಬೇಕು ಎಂದು ಒಂದು ಡೀಡ್‌ಗೆ (ಆಸ್ತಿ ವರ್ಗಾವಣೆ ಪತ್ರಕ್ಕೆ) ಸಹಿ ಹಾಕಿಸಿಕೊಂಡರು. ಸಾಲದ ಕೆಲಸ ಮುಗಿಯಿತು, ಕಂತು ಕಮ್ಮಿಯಾಯಿತು, ಎಲ್ಲರಿಗೂ ಖುಷಿ. ಮನೆಯನ್ನು ವಾಪಸ್ ಟ್ರಸ್ಟ್‌ಗೆ ಸೇರಿಸುವ ಇನ್ನೊಂದು ಡೀಡ್ ಮಾತ್ರ ಯಾರಿಗೂ ನೆನಪಾಗಲಿಲ್ಲ.

ಟ್ರಸ್ಟ್ ಅಂದರೆ ನಮ್ಮವರಿಗೆ ಮೊದಲು ಹೊಳೆಯುವುದು ದೇವಸ್ಥಾನದ ಟ್ರಸ್ಟ್, ಇಲ್ಲವೇ ಕಾಲೇಜಿನ ಟ್ರಸ್ಟ್. ರಿವೋಕಬಲ್ ಲಿವಿಂಗ್ ಟ್ರಸ್ಟ್ ಅದಲ್ಲ. ಇದು ನೀವು ಬದುಕಿರುವಾಗಲೇ ಮಾಡಿಕೊಳ್ಳುವ ಏರ್ಪಾಡು. ಟ್ರಸ್ಟಿ ನೀವೇ, ಅನುಭವಿಸುವವರೂ ನೀವೇ. ಬೇಡ ಅನಿಸಿದರೆ ನಾಳೆಯೇ ರದ್ದು ಮಾಡಬಹುದು. ನೀವಿರುವ ತನಕ ಬೇರೆ ಟ್ಯಾಕ್ಸ್ ರಿಟರ್ನ್ ಬೇಕಿಲ್ಲ, ನಿಮ್ಮ ಸೋಶಿಯಲ್ ಸೆಕ್ಯುರಿಟಿ ನಂಬರೇ ಸಾಕು. ನಿಮ್ಮ ನಂತರ ನೀವು ಹೆಸರಿಸಿದ ಸಕ್ಸೆಸರ್ ಟ್ರಸ್ಟಿ ಕೋರ್ಟಿಗೆ ಹೋಗದೆ ಆಸ್ತಿ ಹಂಚುತ್ತಾರೆ. ನಿಮಗೆ ಸಾಲ ಕೊಟ್ಟವರಿಂದ ಆಸ್ತಿ ಬಚಾವಾಗುತ್ತೆ ಅಂತ ಯಾರಾದರೂ ಹೇಳಿದ್ದರೆ, ಅದು ತಪ್ಪು.

ಆದರೆ ಟ್ರಸ್ಟ್ ಕೈಗೆ ಬರುವುದು ಅದರ ಹೆಸರಿಗೆ ಮಾಡಿದ ಆಸ್ತಿ ಮಾತ್ರ. ಹೊಸ ಬೀರು ತಂದಿಟ್ಟು ಒಡವೆಯನ್ನು ಮೇಜಿನ ಮೇಲೇ ಬಿಟ್ಟರೆ ಏನು ಬಂತು? ಒಳಗೆ ಇಡುವ ಕೆಲಸಕ್ಕೆ ಇಲ್ಲಿ ಫಂಡಿಂಗ್ ಅನ್ನುತ್ತಾರೆ.

ಆ ಹುಡುಗನ ಕೈಲಿ ಪೋರ್-ಓವರ್ ವಿಲ್ ಇತ್ತು. ಹೊರಗುಳಿದ ಆಸ್ತಿಯನ್ನು ಟ್ರಸ್ಟ್‌ಗೆ ಸೇರಿಸುವ ವಿಲ್ ಅದು. ಆದರೆ ಅದೂ ಪ್ರೊಬೇಟ್, ಅಂದರೆ ತೀರಿಕೊಂಡವರ ಆಸ್ತಿಯನ್ನು ಕೋರ್ಟ್ ಮೂಲಕ ಹಂಚುವ ಪ್ರಕ್ರಿಯೆ, ದಾಟಿಯೇ ಬರಬೇಕು. ಕೆಲವು ಸಲ ಹೆಗ್‌ಸ್ಟಾಡ್ ಪಿಟಿಷನ್ ಹಾಕಿ, ಮನೆ ಟ್ರಸ್ಟ್‌ಗೇ ಸೇರಿದ್ದು ಎಂದು ಜಡ್ಜ್ ಕೈಲಿ ಹೇಳಿಸಬಹುದು. ಇಲ್ಲಿ ಹೊರಗೆ ತೆಗೆದ ಡೀಡ್‌ನಲ್ಲಿ ತಾಯಿಯದೇ ಸಹಿ ಇತ್ತು. ಆ ದಾರಿ ಗಟ್ಟಿಯಿಲ್ಲ ಅನಿಸಿ ಪ್ರೊಬೇಟೇ ಹಾಕಿದೆವು.

ಕ್ಯಾಲಿಫೋರ್ನಿಯಾದಲ್ಲಿ ಪ್ರೊಬೇಟ್ ಫೀಸನ್ನು ಕಾನೂನೇ ಗೊತ್ತುಮಾಡಿದೆ. ಮೊದಲ 1 ಲಕ್ಷ ಡಾಲರಿಗೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಆಮೇಲಿನ 8 ಲಕ್ಷಕ್ಕೆ ಶೇ. 2, ಅದರ ಮೇಲಿನ 90 ಲಕ್ಷಕ್ಕೆ ಶೇ. 1. ಮನೆ ಬೆಲೆ 15 ಲಕ್ಷ ಡಾಲರ್ ಅಂತಿಟ್ಟುಕೊಳ್ಳಿ. ವಕೀಲರಿಗೆ 28,000. ವಿಲ್ ಜಾರಿಮಾಡುವ ಎಕ್ಸಿಕ್ಯೂಟರ್ ಕೂಡ ಅಷ್ಟೇ ಕೇಳಬಹುದು. ಸಾಲ ಕಳೆದು ಲೆಕ್ಕ ಹಾಕುವುದಿಲ್ಲ, ಪೂರ್ತಿ ಬೆಲೆಯ ಮೇಲೆಯೇ. 2025ರ ಏಪ್ರಿಲ್‌ನಿಂದ 7.5 ಲಕ್ಷ ಡಾಲರ್ ತನಕದ ವಾಸದ ಮನೆಗೆ ಸುಲಭದ ದಾರಿ ಬಂದಿದೆ ನಿಜ. ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಆ ಬೆಲೆಗೆ ಮನೆ ಎಲ್ಲಿದೆ, ಹೇಳಿ!

ಇಷ್ಟೆಲ್ಲ ತಪ್ಪಿಸಲು ಬೇಕಿದ್ದದ್ದು ಒಂದೆರಡು ಪುಟದ ಡೀಡ್. ನೋಟರಿ ಮುಂದೆ ಸಹಿ ಹಾಕಿ, ಕೌಂಟಿ ರೆಕಾರ್ಡರ್ ಬಳಿ ದಾಖಲು ಮಾಡಿಸಬೇಕು. ಜೊತೆಗೆ ಮಾಲೀಕತ್ವ ಬದಲಾವಣೆಯ ಒಂದು ಫಾರಂ. ಅದರಲ್ಲಿ ರಿವೋಕಬಲ್ ಟ್ರಸ್ಟ್ ಎಂಬ ಸಾಲಿಗೆ ಗುರುತು ಹಾಕಿ. ಪ್ರಾಪರ್ಟಿ ಟ್ಯಾಕ್ಸ್ ಏರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಏರುವುದಿಲ್ಲ, ತೆರಿಗೆ ಏರಿಕೆಗೆ ಮಿತಿ ಹಾಕುವ ಪ್ರಾಪ್ 13 ಕಾನೂನಿನ ಲೆಕ್ಕ ಹಾಗೇ ಮುಂದುವರಿಯುತ್ತದೆ. ವಾಸದ ಮನೆ ಟ್ರಸ್ಟ್‌ಗೆ ಹೋಯಿತು ಎಂದು ಬ್ಯಾಂಕ್ ಪೂರ್ತಿ ಸಾಲ ಈಗಲೇ ಕಟ್ಟಿ ಅನ್ನುವಂತೆಯೂ ಇಲ್ಲ, 1982ರ ಫೆಡರಲ್ ಕಾನೂನು ಅದನ್ನು ತಡೆಯುತ್ತದೆ. ಇನ್ಶೂರೆನ್ಸ್ ಕಂಪನಿಗೆ ಮಾತ್ರ ಮರೆಯದೆ ತಿಳಿಸಿ.

ಬ್ಯಾಂಕ್ ಮತ್ತು ಬ್ರೋಕರೇಜ್ ಖಾತೆಗಳಿಗೆ ಟ್ರಸ್ಟ್‌ನ ಸರ್ಟಿಫಿಕೇಶನ್ (ಟ್ರಸ್ಟ್ ಇದೆ ಎಂದು ದೃಢಪಡಿಸುವ ಪತ್ರ) ತೋರಿಸಿದರೆ ಹೆಸರು ಬದಲಾಗುತ್ತದೆ. 401(ಕೆ), ಐಆರ್‌ಎ ಎಂಬ ನಿವೃತ್ತಿ ಉಳಿತಾಯ ಖಾತೆಗಳಿಗೆ ಮಾತ್ರ ಈ ಕೆಲಸ ಬೇಡ. ಅವುಗಳ ಮಾಲೀಕತ್ವ ಬದಲಾಯಿಸಿದರೆ ಹಣ ತೆಗೆದಂತೆಯೇ ಲೆಕ್ಕ, ತೆರಿಗೆ ಬೀಳುತ್ತದೆ. ಅಲ್ಲಿ ಬೆನಿಫಿಶಿಯರಿ (ನಿಮ್ಮ ನಂತರ ಹಣ ಪಡೆಯುವವರ) ಹೆಸರು ಸರಿಯಿದೆಯಾ ನೋಡಿಕೊಳ್ಳಿ. ಮದುವೆಗೆ ಮುಂಚೆ ಬರೆದ ಅಣ್ಣನ ಹೆಸರು ಇನ್ನೂ ಇರುವ ಐಆರ್‌ಎ ಖಾತೆಗಳನ್ನು ನಾನೇ ನೋಡಿದ್ದೇನೆ.

ಅಣ್ಣ ಅಂದಾಗ ನೆನಪಾಯಿತು. ಸಕ್ಸೆಸರ್ ಟ್ರಸ್ಟಿ ಯಾರು ಅಂದರೆ, "ಬೆಂಗಳೂರಲ್ಲಿರೋ ನಮ್ಮ ಅಣ್ಣ" ಅನ್ನುವವರೇ ಜಾಸ್ತಿ. ನಂಬಿಕೆ ದೊಡ್ಡದು, ಸರಿ. ಆದರೆ ಅಮೆರಿಕದ ಪ್ರಜೆಯೋ ತೆರಿಗೆಯ ಲೆಕ್ಕದಲ್ಲಿ ಇಲ್ಲಿನ ನಿವಾಸಿಯೋ ಅಲ್ಲದವರ ಕೈಗೆ ಅಧಿಕಾರ ಹೋದರೆ, ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಕಣ್ಣಿಗೆ ಅದು ವಿದೇಶಿ ಟ್ರಸ್ಟ್ ಆಗಬಹುದು. ಇಲ್ಲಿರುವ ಗೆಳೆಯರಲ್ಲಿ ಒಬ್ಬರನ್ನು ಹೆಸರಿಸಿ, ಅಣ್ಣನ ಸಲಹೆ ಫೋನಿನಲ್ಲಿ ಸಿಗುತ್ತೆ.

ಮೈಸೂರಿನ ಸೈಟನ್ನು ಈ ಟ್ರಸ್ಟ್‌ಗೆ ತುರುಕಬೇಡಿ. ಅಲ್ಲಿನ ಆಸ್ತಿಗೆ ಅಲ್ಲಿನ ಕಾನೂನು, ಅಲ್ಲಿಯದೇ ಒಂದು ವಿಲ್ ಬರೆಸಿ. ಬರೆಸುವಾಗ ಮೊದಲ ಪ್ಯಾರಾ ಓದಿ. "ಈ ಹಿಂದೆ ಬರೆದ ಎಲ್ಲಾ ವಿಲ್‌ಗಳನ್ನು ರದ್ದುಪಡಿಸಿದ್ದೇನೆ" ಅಂತ ಮಾಮೂಲಿಯಾಗಿ ಟೈಪ್ ಮಾಡಿರುತ್ತಾರೆ. ಆ ಒಂದು ಸಾಲು ಇಲ್ಲಿನ ನಿಮ್ಮ ಪೋರ್-ಓವರ್ ವಿಲ್ಲನ್ನೂ ಹೊಡೆದುಹಾಕಬಹುದು. "ಭಾರತದಲ್ಲಿರುವ ನನ್ನ ಆಸ್ತಿಗೆ ಸಂಬಂಧಿಸಿದ" ಎಂದು ಸೇರಿಸಿದ ಮೇಲೆ ಸಹಿ ಹಾಕಿ.