ಮಂಗೋಲಿಯಾದಲ್ಲಿ ಕ್ರೈಸ್ತ ಸಭೆಗಳು: ಒಂದು ಪದ, ಒಂದು ಪ್ರಮಾಣಪತ್ರ

1990ರಲ್ಲಿ ಕಮ್ಯುನಿಸ್ಟರ ಏಕಪಕ್ಷ ಆಡಳಿತ ಮುಗಿದಾಗ ಮಂಗೋಲಿಯಾದಲ್ಲಿದ್ದ ಕ್ರೈಸ್ತರು ಬೆರಳೆಣಿಕೆಯಷ್ಟು. 2010ರ ಜನಗಣತಿಯಲ್ಲಿ ಹದಿನೈದು ದಾಟಿದವರ ಪೈಕಿ ಶೇ. 2ರಷ್ಟು ಮಂದಿ ಕ್ರೈಸ್ತರೆಂದು ಬರೆಸಿದರು. ಬಹುಪಾಲು ಇವಾಂಜೆಲಿಕಲ್, ಅಂದರೆ ಬೈಬಲ್ ಮತ್ತು ಸ್ವಂತ ನಂಬಿಕೆಗೆ ಒತ್ತು ಕೊಡುವ ಪ್ರೊಟೆಸ್ಟಂಟ್ ಸಭೆಗಳವರು.

1937–39ರ ದಮನದಲ್ಲಿ ನೂರಾರು ಬೌದ್ಧ ವಿಹಾರಗಳು ನೆಲಸಮವಾದವು, ಸಾವಿರಾರು ಲಾಮಾಗಳು ಕೊಲೆಯಾದರು. ಆಮೇಲಿನ ತಲೆಮಾರುಗಳಿಗೆ ಧರ್ಮವನ್ನು ಬಹಿರಂಗವಾಗಿ ಕಲಿಸುವವರೇ ಇರಲಿಲ್ಲ. ಸೋವಿಯತ್ ನೆರವು ನಿಂತು 1991ರಲ್ಲಿ ಆಹಾರಕ್ಕೆ ಪಡಿತರ ಚೀಟಿ ಬಂತು. ಇಂಗ್ಲಿಷ್ ಕಲಿಸುವವರಾಗಿ, ನೆರವು ಸಂಸ್ಥೆಗಳ ಕೆಲಸಗಾರರಾಗಿ ಅಮೆರಿಕ, ದಕ್ಷಿಣ ಕೊರಿಯಾಗಳ ಮಿಷನರಿಗಳು ಬಂದದ್ದು ಆ ಹೊತ್ತಿಗೆ. ಹಾಗಂತ ಇದೆಲ್ಲ ಬರೀ ಆಮಿಷದ ಫಲ ಎಂದುಬಿಟ್ಟರೆ ಮಂಗೋಲಿಯನ್ನರಿಗೇ ಅನ್ಯಾಯ. ಅವರು ತಮ್ಮ ಭಾಷೆಯಲ್ಲಿ ಓದಿ, ವಾದಿಸಿ ಒಳಬಂದವರು.

ಆ ವಾದ ಹೆಚ್ಚಾಗಿ ನಡೆದದ್ದು ಒಂದು ಪದದ ಸುತ್ತ. ಬ್ರಿಟನ್ನಿನ ಅನುವಾದಕ ಜಾನ್ ಗಿಬ್ಬನ್ಸ್ 1990ರಲ್ಲಿ ಮಂಗೋಲಿಯನ್ ಭಾಷೆಯಲ್ಲಿ ಹೊರತಂದ ಹೊಸ ಒಡಂಬಡಿಕೆ (ಬೈಬಲಿನ ಎರಡನೇ ಭಾಗ) ದೇವರನ್ನು ‘ಯೆರ್ತೊಂತ್ಸಿಯಿನ್ ಎಜೆನ್’, ಅಂದರೆ ಜಗದೊಡೆಯ ಎಂದು ಕರೆಯಿತು. ದೇವರಿಗೆ ಬಳಕೆಯ ಮಾತಾದ ‘ಬುರ್ಖನ್’ ಬುದ್ಧನಿಗೂ ಸಲ್ಲುತ್ತದೆ. ‘ಗೆರ್’ ಎಂಬ ದುಂಡು ಡೇರೆಯ ಬಾಗಿಲು ದಕ್ಷಿಣಕ್ಕೆ; ಎದುರಿನ ಉತ್ತರದ ಬದಿ ‘ಖೊಯ್ಮೊರ್’, ಮನೆಯ ಗೌರವದ ಜಾಗ. ಅಲ್ಲಿ ಪೆಟ್ಟಿಗೆಯ ಮೇಲೆ ಕೂತಿರುವ ವಿಗ್ರಹವೂ ಬುರ್ಖನ್ನೇ. ಏಸುವಿನ ತಂದೆಗೂ ಅದೇ ಹೆಸರಿಟ್ಟರೆ ಅಜ್ಜಿ ಏನೆಂದುಕೊಂಡಾಳು? ಆದರೆ ‘ಎಜೆನ್’ ಕೂಡ ನಿಷ್ಕಳಂಕವಲ್ಲ. ಬೆಟ್ಟ ಕಾಯುವ ದೈವಕ್ಕೂ ಅದೇ ಮಾತು. ಮೇಲಾಗಿ, ಪ್ರಾರ್ಥನೆಯಲ್ಲಿ ಕೂಗಿ ಕರೆಯಲು ಉದ್ದ. ಕನ್ನಡ ಬೈಬಲ್ ‘ದೇವರು’ ಎಂಬ ಎಲ್ಲರ ಮಾತನ್ನೇ ಬಳಸಿದಂತೆ, 2000ದ ಪೂರ್ಣ ಮಂಗೋಲಿಯನ್ ಬೈಬಲ್ ‘ಬುರ್ಖನ್’ ಎಂದಿತು. ಹೆಚ್ಚಿನ ಸಭೆಗಳು ಅದನ್ನೇ ಹಿಡಿದವು. ನನ್ನ ಮಟ್ಟಿಗೆ ಅದು ಸರಿಯಾದ ಆಯ್ಕೆ: ಪದದ ಹಳೆಯ ಅರ್ಥವನ್ನು ಉಪದೇಶ ತಿದ್ದಬಹುದು, ನಾಲಿಗೆಗೆ ಒಗ್ಗದ ಪದವನ್ನು ಯಾರೂ ಒಗ್ಗಿಸಲಾರರು.

1992ರ ಸಂವಿಧಾನ ಧರ್ಮಸ್ವಾತಂತ್ರ್ಯ ಕೊಟ್ಟಿತು. ಮರುವರ್ಷದ ಕಾಯ್ದೆ ಸಭೆಗಳನ್ನು ನೋಂದಣಿಗೆ ಕಟ್ಟಿಹಾಕಿತು. ಸ್ಥಾಪನಾ ನಿಯಮಾವಳಿ, ಮುಖಂಡರ ವಿವರ, ಆಸ್ತಿಪಟ್ಟಿ, ಕಟ್ಟಡದ ಬಾಡಿಗೆ ಕರಾರು, ಬರುವ ಭಕ್ತರ ಸಂಖ್ಯೆ ಎಲ್ಲವನ್ನೂ ಮೊದಲು ಸ್ಥಳೀಯ ಜನಪ್ರತಿನಿಧಿ ಸಭೆಯ ಮುಂದಿಡಬೇಕು. ತೊಡಕು ಅಲ್ಲೇ. ಒಂದು ಪ್ರಾಂತ್ಯ ಒಪ್ಪಿದ್ದನ್ನು ಇನ್ನೊಂದು ತಳ್ಳುತ್ತದೆ. ಮಾತೃಸಭೆಗೆ ಸಿಕ್ಕ ಅನುಮತಿ ಶಾಖೆಗೆ ಸಲ್ಲುವುದಿಲ್ಲ. ನೋಂದಣಿ ಪ್ರಮಾಣಪತ್ರದ ನವೀಕರಣ ತಡವಾದರೆ ವಿದೇಶಿ ಪಾದ್ರಿಯ ವೀಸಾ ಸಿಕ್ಕಿಬೀಳುತ್ತದೆ.

2020ರ ಗಣತಿಯಲ್ಲಿ ಕ್ರೈಸ್ತರ ಪಾಲು ಶೇ. 1.3ಕ್ಕೆ ಇಳಿದಿತ್ತು. ಯಾವ ಧರ್ಮವೂ ಇಲ್ಲ ಎಂದವರು ಶೇ. 40ರಷ್ಟಿದ್ದರು.