ನಾಟಕಶಾಲೆಗಳಿಗೆ ಬೀಗ ಹಾಕಿಸಿದ್ದು ಕ್ರಾಮ್‌ವೆಲ್ ಅಲ್ಲ

ಪ್ರಶ್ನೆ: ಆಲಿವರ್ ಕ್ರಾಮ್‌ವೆಲ್ ಲಂಡನ್ನಿನ ನಾಟಕಶಾಲೆಗಳನ್ನು ಯಾಕೆ ಮುಚ್ಚಿಸಿದ?

ಉತ್ತರ: ಅವನು ಮುಚ್ಚಿಸಲಿಲ್ಲ. ಎಷ್ಟು ಸಲ ಬರೆದರೂ ಪ್ರಶ್ನೆ ಇದೇ ರೂಪದಲ್ಲಿ ಮರಳಿ ಬರುತ್ತದೆ. ಈ ಸಲ ತಾರೀಖು ಹಿಡಿದೇ ಹೇಳುತ್ತೇನೆ.

ನಾಟಕ ನಿಲ್ಲಿಸುವ ಆದೇಶ ಹೊರಟಿದ್ದು 1642ರ ಸೆಪ್ಟೆಂಬರ್ 2ರಂದು, ಪಾರ್ಲಿಮೆಂಟಿನ ಎರಡೂ ಸದನಗಳಿಂದ. ಆಗ ಕ್ರಾಮ್‌ವೆಲ್ ಕೇಂಬ್ರಿಜ್‌ನ ಸದಸ್ಯ, ಒಂದು ಕುದುರೆ ದಳದ ಹೊಸ ಕ್ಯಾಪ್ಟನ್, ಅಷ್ಟೇ. ಅವನು ಪ್ರೊಟೆಕ್ಟರ್, ಅಂದರೆ ರಾಜನಿಲ್ಲದ ದೇಶದ ಆಡಳಿತದ ಮುಖ್ಯಸ್ಥ, ಆಗಿದ್ದು 1653ರ ಡಿಸೆಂಬರಿನಲ್ಲಿ. ನಡುವೆ ಹನ್ನೊಂದು ವರ್ಷ! ಆದೇಶ ಹೊರಟಾಗ ರಾಜ ಒಂದನೇ ಚಾರ್ಲ್ಸ್. ಆಗಸ್ಟ್ 22ರಂದಷ್ಟೇ ನಾಟಿಂಗ್‌ಹ್ಯಾಮ್‌ನಲ್ಲಿ ಪಾರ್ಲಿಮೆಂಟಿನ ವಿರುದ್ಧ ಯುದ್ಧದ ಬಾವುಟ ಏರಿಸಿದ್ದ. ಅವನ ಅಂಕಿತ ಸಿಗುವ ಮಾತೇ ಇರಲಿಲ್ಲ. ಆದ್ದರಿಂದಲೇ ಅದು ರಾಜನ ಅಂಕಿತ ಬೇಕಾಗುವ ಆಕ್ಟ್ ಅಲ್ಲ, ಪಾರ್ಲಿಮೆಂಟ್ ತಾನೇ ಹೊರಡಿಸಿದ ಆರ್ಡಿನೆನ್ಸ್.

ಆದೇಶದ ಒಕ್ಕಣೆಯನ್ನು ಗಮನವಿಟ್ಟು ಓದಬೇಕು. ಮೊದಲ ಮಾತೇ ಐರ್ಲೆಂಡಿನ ರಕ್ತಪಾತದ್ದು, ಆಮೇಲೆ ಇಂಗ್ಲೆಂಡಿಗೆ ಕವಿದ ಅಂತರ್ಯುದ್ಧದ ಭೀತಿ. ಉಪವಾಸ, ಪ್ರಾರ್ಥನೆಯ ಹೊತ್ತಿನಲ್ಲಿ ಸಾರ್ವಜನಿಕ ಆಟಗಳು ಹೊಂದುವುದಿಲ್ಲ, ಈ ದುಃಖದ ಕಾರಣಗಳು ಇರುವಷ್ಟು ಕಾಲ ನಾಟಕ ನಿಲ್ಲಲಿ ಎನ್ನುತ್ತದೆ. ನಾಟಕದ ಚೆಲ್ಲಾಟದ ಬಗ್ಗೆ ಅಸಹನೆಯೂ ಅದರಲ್ಲಿದೆ, ನಿಜ. ಆದರೆ ಶಾಶ್ವತ ನಿಷೇಧ ಎಂಬ ಮಾತಿಲ್ಲ, ನಟರಿಗೆ ಶಿಕ್ಷೆಯೂ ಇಲ್ಲ.

ಕದ್ದುಮುಚ್ಚಿ ಪ್ರದರ್ಶನ ನಡೆಯುತ್ತಲೇ ಇದ್ದುದರಿಂದ 1648ರ ಫೆಬ್ರುವರಿಯಲ್ಲಿ ನಿಜವಾದ ಹೊಡೆತ ಬಿತ್ತು: ರಂಗವೇದಿಕೆ, ಗ್ಯಾಲರಿ, ಆಸನಗಳನ್ನು ಕಿತ್ತುಹಾಕಬೇಕು, ನಟನಿಗೆ ಬಹಿರಂಗ ಛಡಿಯೇಟು, ನೋಡಲು ಕೂತವನಿಗೆ 5 ಶಿಲಿಂಗ್ ದಂಡ. ಇದೂ ಪಾರ್ಲಿಮೆಂಟಿನದೇ ಕೆಲಸ. ಕ್ರಾಮ್‌ವೆಲ್ ಆಳುತ್ತಿದ್ದ 1656ರಲ್ಲಾದರೋ ನಾಟಕಕಾರ ವಿಲಿಯಂ ಡ್ಯಾವೆನಂಟ್ ಲಂಡನ್ನಿನ ರಟ್ಲೆಂಡ್ ಹೌಸ್‌ನಲ್ಲಿ ಹಾಡಿನಲ್ಲೇ ಸಾಗುವ ಆಟವೊಂದನ್ನು ಆಡಿಸಿದ.

ಒಂದನೇ ಚಾರ್ಲ್ಸ್‌ನ ಮಗ ಎರಡನೇ ಚಾರ್ಲ್ಸ್ 1660ರಲ್ಲಿ ರಾಜನಾಗಿ ಮರಳಿದಾಗ ರಂಗಭೂಮಿಗೆ ಬಿಡುಗಡೆಯಾಯಿತೇ ಎಂದೂ ಕೇಳಬೇಕಿತ್ತು, ಯಾರೂ ಕೇಳಲಿಲ್ಲ. ನಾಟಕ ಆಡಿಸುವ ಹಕ್ಕುಪತ್ರವನ್ನು ಅವನು ಕೊಟ್ಟಿದ್ದು ಇಬ್ಬರಿಗೆ ಮಾತ್ರ, ಡ್ಯಾವೆನಂಟ್ ಮತ್ತು ಇನ್ನೊಬ್ಬ ನಾಟಕಕಾರ ಥಾಮಸ್ ಕಿಲಿಗ್ರೂ. ದೀರ್ಘಕಾಲದ ಲಗಾಮು ಬಂದದ್ದು ಎರಡನೇ ಜಾರ್ಜ್‌ನ ಕಾಲದಲ್ಲಿ. ರಂಗದ ಮೇಲಿನ ಲೇವಡಿಯಿಂದ ರೋಸಿಹೋಗಿದ್ದ ಪ್ರಧಾನಿ ವಾಲ್‌ಪೋಲ್ 1737ರಲ್ಲಿ ಲೈಸೆನ್ಸಿಂಗ್ ಆಕ್ಟ್ ಮಾಡಿಸಿದ. ಅದರಂತೆ ಪ್ರದರ್ಶನಕ್ಕೆ 14 ದಿನ ಮೊದಲೇ ಹೊಸ ನಾಟಕದ ಒಂದು ಪ್ರತಿ ಅನುಮತಿಗಾಗಿ ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲಿನ್ ಕಚೇರಿಗೆ ತಲುಪಬೇಕಿತ್ತು. ತಪ್ಪಿದರೆ 50 ಪೌಂಡ್ ದಂಡ. ಈ ಸೆನ್ಸಾರ್ ಪೂರ್ತಿ ಹೋದದ್ದು 1968ರಲ್ಲಿ. ಅಚ್ಚಾಗದೇ ಉಳಿದ ಎಷ್ಟೋ ನಾಟಕಗಳ ಪಠ್ಯ ಇಂದು ಸಿಗುವುದು ಆ ಕಚೇರಿಗೆ ಸಲ್ಲಿಸಿದ ಪ್ರತಿಗಳಲ್ಲೇ. 1824ರಿಂದೀಚಿನವು ಬ್ರಿಟಿಷ್ ಲೈಬ್ರರಿಯಲ್ಲಿವೆ.